ಫಿಟ್ಸ್ ಇರುವ ನಾಯಿಗೆ ಫ್ಲೂಆಕ್ಸೆಟಿನ್ ಕೊಡಬಹುದಾ? ಇಲಿಗೆ ಒಳ್ಳೆಯದಂತೆ, ನಾಯಿಗೆ ಬೇಡವಂತೆ

ತೋಟದಮನೆ (ತೀರ್ಥಹಳ್ಳಿ ಕಡೆ):

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ ಇದೆ. ಲ್ಯಾಬ್ ಕ್ರಾಸ್, ನಾಲ್ಕು ವರ್ಷ, 22 ಕೆ.ಜಿ. ಎರಡು ವರ್ಷದ್ದಿದ್ದಾಗ ಮೊದಲ ಸಲ ಫಿಟ್ಸ್ ಬಂತು. ಬೆಳಗಿನ ಜಾವ ಅಂಗಳದಲ್ಲಿ ಬಿದ್ದು ಕಾಲು ಬಡಿಯುತ್ತಿತ್ತು, ಬಾಯಲ್ಲಿ ನೊರೆ. ಅಮ್ಮ ಹಾವು ಕಚ್ಚಿದೆ ಅಂತಲೇ ಕೂಗಿಕೊಂಡರು. ಆಮೇಲೆ ರಕ್ತ ಪರೀಕ್ಷೆ ಎಲ್ಲ ಆಯಿತು, ಬೇರೆ ಕಾರಣ ಸಿಗಲಿಲ್ಲ, ಮೂರ್ಛೆ ರೋಗ ಅಂದರು. ಅಂದಿನಿಂದ ಫಿಟ್ಸ್ ತಡೆಯಲು ಗಾರ್ಡಿನಾಲ್ (ಫಿನೋಬಾರ್ಬಿಟಾಲ್) 60 ಮಿ.ಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು. ಈಗ ಎರಡು ತಿಂಗಳಿಗೋ ಎರಡೂವರೆ ತಿಂಗಳಿಗೋ ಒಂದು ಸಲ ಬರುತ್ತದೆ, ಒಂದು ನಿಮಿಷದೊಳಗೆ ಮುಗಿಯುತ್ತದೆ. ಅದಕ್ಕೆ ನಾವೂ ಒಗ್ಗಿಕೊಂಡಿದ್ದೇವೆ.

ತಾಪತ್ರಯ ಇರುವುದು ಶಬ್ದದ್ದು. ಪಕ್ಕದ ತೋಟದವರು ಮಂಗ ಓಡಿಸಲು ದಿನಾ ಗರ್ನಾಲು ಹೊಡೆಯುತ್ತಾರೆ. ಅವರನ್ನು ದೂರುವಂತಿಲ್ಲ, ಹೊಡೆಯದಿದ್ದರೆ ಒಂದು ಬಾಳೆಗೊನೆಯೂ ಉಳಿಯುವುದಿಲ್ಲ, ನಾವೂ ಹೊಡೆಯುತ್ತೇವೆ. ಮೊದಲ ಸದ್ದಿಗೇ ಕರಿಯ ಮಂಚದ ಕೆಳಗೆ. ಹಿಂಗಾರಿನ ಗುಡುಗು ಶುರುವಾದರಂತೂ ಇಡೀ ರಾತ್ರಿ ನಡುಗುತ್ತಾ, ಜೊಲ್ಲು ಸುರಿಸುತ್ತಾ ಕೂತಿರುತ್ತದೆ. ಹೋದ ವಾರ ನಾವೆಲ್ಲ ಊಟದ ಮನೆಗೆ ಹೋಗಿದ್ದಾಗ ಗುಡುಗಿಗೆ ಹೆದರಿ ಹಿತ್ತಿಲ ಬಾಗಿಲನ್ನು ಕಡಿದು ಕಡಿದು ಬಾಯೆಲ್ಲ ರಕ್ತ ಮಾಡಿಕೊಂಡಿತ್ತು.

ಡಾಕ್ಟರ ಹತ್ತಿರ ಹೋದೆ. ಫ್ಲೂಆಕ್ಸೆಟಿನ್ 20 ಮಿ.ಗ್ರಾಂ ದಿನಕ್ಕೊಂದು ಬರೆದುಕೊಟ್ಟರು. ಮಾತ್ರೆ ತರಲು ಹೋದರೆ ಮೆಡಿಕಲ್ ಶಾಪಿನಲ್ಲಿರುವ ನಮ್ಮ ಭಾವ, ‘ಇದು ಮನುಷ್ಯರ ಡಿಪ್ರೆಶನ್ ಮಾತ್ರೆ ಮಾರಾಯ, ಫಿಟ್ಸ್ ಇರುವವರಿಗೆ ಕೊಟ್ಟರೆ ಜಾಸ್ತಿ ಆಗುತ್ತದೆ’ ಅಂದ. ರಾತ್ರಿ ಮೊಬೈಲಲ್ಲಿ ಹುಡುಕಿದೆ. ಅಮೆರಿಕದಲ್ಲಿ ನಾಯಿಗಂತಲೇ ಬರುವ ಇದೇ ಔಷಧಿಯ ಚೀಟಿಯಲ್ಲಿ, ಫಿಟ್ಸ್ ಬಂದಿರುವ ನಾಯಿಗೆ ಕೊಡಬೇಡಿ ಅಂತಿದೆ. ಅದರ ಕೆಳಗೇ ಇನ್ನೊಂದು ಕಡೆ, ಮೂರ್ಛೆ ರೋಗದ ಇಲಿಗಳಿಗೆ ಇದನ್ನು ಕೊಟ್ಟರೆ ಫಿಟ್ಸ್ ಕಡಿಮೆಯಾಯಿತು ಅಂತಿದೆ! ಯಾವುದನ್ನು ನಂಬುವುದು? ಮಾತ್ರೆ ಬೀರುವಿನಲ್ಲೇ ಇದೆ. ದೀಪಾವಳಿಗೆ ಇನ್ನು ಇಪ್ಪತ್ತು ದಿನ.

ಸಾಗರದ_ಸೋಮಾರಿ:

ನಮ್ಮ ಪಿಂಕಿಗೂ ಫಿಟ್ಸ್ ಇತ್ತು, ಹನ್ನೊಂದು ವರ್ಷ ಬಾಳಿತು, ಧೈರ್ಯವಾಗಿರಿ. ಮಾತ್ರೆಯ ವಿಷಯ ತಿಳಿದವರು ಹೇಳಲಿ. ನಾನು ಹೇಳುವುದು ಎರಡೇ. ಒಂದು, ಫಿಟ್ಸ್ ಬಂದಾಗ ಮೊಬೈಲಲ್ಲಿ ವಿಡಿಯೊ ಮಾಡಿ, ಎಷ್ಟು ಸೆಕೆಂಡು ಅಂತ ಗೊತ್ತಾಗುತ್ತದೆ. ನಾವು ಹತ್ತು ನಿಮಿಷ ಅಂದುಕೊಂಡಿದ್ದು ನೋಡಿದರೆ ಐವತ್ತು ಸೆಕೆಂಡು ಇತ್ತು. ಎರಡು, ಕಬ್ಬಿಣದ ಕೀಲಿಕೈ ಹಿಡಿಸುವುದು, ಚಪ್ಪಲಿ ಮೂಸಿಸುವುದು, ಬಾಯೊಳಗೆ ಚಮಚ ತುರುಕುವುದು ಯಾವುದೂ ಬೇಡ. ನಮ್ಮ ಚಿಕ್ಕಪ್ಪ ಈರುಳ್ಳಿ ಮೂಸಿಸಲು ಹೋಗಿ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡರು.

ಆಗುಂಬೆ_ಮಳೆ:

ಸೆರೊಟೊನಿನ್ ಅಂದರೆ ಖುಷಿಯ ಹಾರ್ಮೋನು ಅಲ್ವಾ? ಅದನ್ನು ಜಾಸ್ತಿ ಮಾಡುವ ಈ ಫ್ಲೂಆಕ್ಸೆಟಿನ್ ಮಾತ್ರೆಯಿಂದ ಫಿಟ್ಸ್ ಯಾಕೆ ಬರಬೇಕು? ಮತ್ತೆ ಇಲಿಯ ಕಥೆ ಕಟ್ಟಿಕೊಂಡು ನಾಯಿಗೇನು ಆಗಬೇಕು? ಸುಮ್ನೆ ಕೇಳುತ್ತಿದ್ದೇನೆ.

ಇಲಿಬೋನು:

ಊರು ಶಿವಮೊಗ್ಗ. ಔಷಧಿ ಶಾಸ್ತ್ರ ಓದಿ ನಾಲ್ಕು ವರ್ಷ ಲ್ಯಾಬಿನ ಇಲಿಗಳ ಜೊತೆ ಸಂಸಾರ ಮಾಡಿದವನು, ಹಾಗಾಗಿ ಇಲಿಯ ಪರವಾಗಿ ಎರಡು ಮಾತು. ನಾನು ಪಶುವೈದ್ಯ ಅಲ್ಲ, ಕರಿಯನಿಗೆ ಏನು ಕೊಡಬೇಕು ಅಂತ ನಾನು ಹೇಳುವುದಿಲ್ಲ.

ಮೊದಲು ಆ ‘ಖುಷಿಯ ಹಾರ್ಮೋನು’ ಮಾತನ್ನು ಬಿಟ್ಟುಬಿಡಿ. ದೇಹದ ಸೆರೊಟೊನಿನ್‌ನಲ್ಲಿ ಹೆಚ್ಚಿನ ಪಾಲು ಇರುವುದು ಕರುಳಿನಲ್ಲಿ. ಮಿದುಳಿನಲ್ಲಿ ಅದನ್ನು ತಯಾರಿಸುವ ಕೋಶಗಳು ಕತ್ತಿನ ಮೇಲ್ಗಡೆ ಮಿದುಳಿನ ಕಾಂಡದಲ್ಲಿ ಸಣ್ಣ ಗುಂಪಾಗಿ ಕೂತಿವೆ, ಅಲ್ಲಿಂದ ಎಳೆ ಮಾತ್ರ ಮಿದುಳಿನ ಮೂಲೆ ಮೂಲೆಗೂ ಹೋಗಿದೆ. ನಿದ್ದೆ, ಹಸಿವು, ಉಸಿರಾಟ, ಹೆದರಿಕೆ, ಎಲ್ಲದರಲ್ಲೂ ಅದರ ಕೈ ಇದೆ. ಇನ್ನು ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳು ಏಳು ಗುಂಪು, ಒಟ್ಟು ಹದಿನಾಲ್ಕು ಬಗೆ. ಒಂದು ಬಗೆ ನರಕೋಶವನ್ನು ಸುಮ್ಮನಾಗಿಸುತ್ತದೆ, ಇನ್ನೊಂದು ಕೆರಳಿಸುತ್ತದೆ. ಒಂದೇ ಕೀಲಿಕೈ, ಹದಿನಾಲ್ಕು ಬೀಗ, ಒಂದರ ಹಿಂದೆ ಅಡುಗೆಮನೆ ಇದ್ದರೆ ಇನ್ನೊಂದರ ಹಿಂದೆ ಕೊಟ್ಟಿಗೆ. ಆದ್ದರಿಂದ ‘ಸೆರೊಟೊನಿನ್ ಜಾಸ್ತಿಯಾದರೆ ಫಿಟ್ಸ್ ಹೆಚ್ಚುತ್ತದಾ, ಕಡಿಮೆಯಾಗುತ್ತದಾ’ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಬೀಗ, ಯಾವ ಬಗೆಯ ಫಿಟ್ಸ್, ಎಷ್ಟು ಡೋಸ್ ಅಂತ ಕೇಳಬೇಕು.

ಈಗ ತೋಟದಮನೆಯವರು ಓದಿದ ಇಲಿ. ಅದು ಬಹುಶಃ ಜಿಇಪಿಆರ್ ಅನ್ನುವ ತಳಿ ಇರಬೇಕು. ಹುಟ್ಟಿನಿಂದಲೇ ಮೂರ್ಛೆಗೆ ಒಲಿದ ಇಲಿಗಳು. ಜೋರಾಗಿ ಗಂಟೆ ಬಾರಿಸಿದರೆ ಸಾಕು, ಹುಚ್ಚು ಹಿಡಿದಂತೆ ಓಡುತ್ತವೆ, ಆಮೇಲೆ ಬಿದ್ದು ಒದ್ದಾಡುತ್ತವೆ. ಇವುಗಳ ಮಿದುಳಿನಲ್ಲಿ ಸೆರೊಟೊನಿನ್ ವ್ಯವಸ್ಥೆಯೇ ಸೊರಗಿದೆ ಅಂತ ಕಂಡುಕೊಂಡರು. ಅವುಗಳಿಗೆ ಫ್ಲೂಆಕ್ಸೆಟಿನ್ ಕೊಟ್ಟಾಗ ಫಿಟ್ಸ್ ತಗ್ಗಿತು, ಮಿದುಳಿನಲ್ಲಿ ಸೆರೊಟೊನಿನ್ ಏರಿದಷ್ಟೂ ಫಿಟ್ಸ್ ಇಳಿಯಿತು. ಸೆರೊಟೊನಿನ್ ತಯಾರಾಗುವುದನ್ನೇ ಮೊದಲು ತಡೆದು ಆಮೇಲೆ ಮಾತ್ರೆ ಕೊಟ್ಟರೆ ಅದರ ಗುಣ ಕುಗ್ಗಿಹೋಯಿತು. ಹಾಗಾಗಿ ಕೆಲಸ ಮಾಡಿದ್ದು ಸೆರೊಟೊನಿನ್ನೇ ಅಂತ ಗಟ್ಟಿಯಾಯಿತು. ಇದು ಸುಳ್ಳಲ್ಲ, ಚೆನ್ನಾಗಿ ಮಾಡಿದ ಕೆಲಸ.

1995ರಲ್ಲಿ ಇನ್ನೊಂದು ಬಂತು. 2ಸಿ ಅನ್ನುವ ಒಂದೇ ಒಂದು ಸೆರೊಟೊನಿನ್ ರಿಸೆಪ್ಟರನ್ನು ತೆಗೆದುಹಾಕಿದ ಚಿಟ್ಟಿಲಿಗಳನ್ನು ಬೆಳೆಸಿದರು. ಅವು ದಪ್ಪಗಾದವು, ಜೊತೆಗೆ ತಾವಾಗಿಯೇ ಫಿಟ್ಸ್ ಬಂದು ಕೆಲವು ಸತ್ತೂ ಹೋದವು. ಅಂದರೆ ಆ ಒಂದು ಬೀಗ ಮಿದುಳನ್ನು ಹಿಡಿತದಲ್ಲಿ ಇಡುತ್ತಿತ್ತು ಅಂತಾಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ತಾಕಿದ್ದು ಡಿಬಿಎ/1 ಅನ್ನುವ ಚಿಟ್ಟಿಲಿ. ಇದಕ್ಕೂ ಶಬ್ದಕ್ಕೆ ಫಿಟ್ಸ್ ಬರುತ್ತದೆ. ಫಿಟ್ಸ್ ಮುಗಿದ ಮೇಲೆ ಉಸಿರು ನಿಂತು ಸಾಯುತ್ತದೆ, ಆ ಕ್ಷಣದಲ್ಲಿ ಸಣ್ಣ ಪಂಪಿನಿಂದ ಗಾಳಿ ಕೊಟ್ಟರೆ ಬದುಕುತ್ತದೆ. ಮೂರ್ಛೆ ರೋಗದ ಮನುಷ್ಯರಲ್ಲೂ ಕೆಲವರು ಹೀಗೆ ರಾತ್ರಿ ಮಲಗಿದವರು ಏಳುವುದಿಲ್ಲ, ಅದಕ್ಕೇ ಈ ಇಲಿಯ ಮೇಲೆ ಅಷ್ಟು ಕಣ್ಣು. ಇವಕ್ಕೆ ಮೊದಲೇ ಫ್ಲೂಆಕ್ಸೆಟಿನ್ ಕೊಟ್ಟರೆ ಫಿಟ್ಸ್ ಬಂದರೂ ಉಸಿರು ನಿಲ್ಲುವುದಿಲ್ಲ. ಗಮನಿಸಿ, ಫಿಟ್ಸನ್ನು ತಡೆಯದಷ್ಟು ಡೋಸ್‌ನಲ್ಲೂ ಉಸಿರನ್ನು ಉಳಿಸಿತು. ಎರಡೂ ಬೇರೆ ಬೇರೆ ಕೆಲಸ.

ಇಷ್ಟು ಓದಿ ಹಾಗಾದರೆ ಕೊಟ್ಟೇಬಿಡೋಣ ಅನ್ನಬೇಡಿ. ವ್ಯಾಗ್/ರಿಜ್ ಅನ್ನುವ ಇನ್ನೊಂದು ಇಲಿ ಇದೆ. ಇದಕ್ಕೆ ಬೀಳುವ ಫಿಟ್ಸ್ ಇಲ್ಲ, ಕೆಲವು ಸೆಕೆಂಡು ಮಂಕಾಗಿ ನಿಂತುಬಿಡುವ ಬಗೆ. ಇದರಲ್ಲಿ 1ಎ ರಿಸೆಪ್ಟರನ್ನು ಚುರುಕುಗೊಳಿಸಿದರೆ ಫಿಟ್ಸ್ ಕಡಿಮೆ ಅಲ್ಲ, ಜಾಸ್ತಿ ಆಗುತ್ತದೆ! ಅದೇ 1ಎ ಬೇರೆ ಬಗೆಯ ಫಿಟ್ಸ್‌ನಲ್ಲಿ ಒಳ್ಳೆಯದು ಮಾಡಿದ ಉದಾಹರಣೆಯೂ ಇದೆ. ಇನ್ನು ಸೆರೊಟೊನಿನ್ ತೀರಾ ಮಿತಿಮೀರಿದರೆ ಅದೇ ವಿಷ. ನಡುಕ, ಜ್ವರ, ಕೊನೆಗೆ ಫಿಟ್ಸ್. ಆಗ ಯಾವ ತಳಿ ಅಂತ ನೋಡುವುದಿಲ್ಲ.

ಮನುಷ್ಯರ ಕಥೆಯೂ ಹೀಗೇ ತಿರುಗಾಮುರುಗಿ. ಡಿಪ್ರೆಶನ್ ಮಾತ್ರೆಯಿಂದ ಫಿಟ್ಸ್ ಅನ್ನುವ ಹೆಸರು ಹಳೇ ಮಾತ್ರೆಗಳಿಂದ ಬಂದದ್ದು. 2007ರಲ್ಲಿ ಅಮೆರಿಕದ ಔಷಧಿ ಇಲಾಖೆಗೆ ಸಲ್ಲಿಕೆಯಾಗಿದ್ದ ಪ್ರಯೋಗಗಳ ಲೆಕ್ಕವನ್ನೆಲ್ಲ ಒಟ್ಟುಹಾಕಿ ನೋಡಿದರು. ಡಿಪ್ರೆಶನ್ ಮಾತ್ರೆಗಳನ್ನು ನುಂಗಿದವರಲ್ಲಿ ಒಟ್ಟಾರೆ ಫಿಟ್ಸ್, ಬರೀ ಹಿಟ್ಟಿನ ಮಾತ್ರೆ ನುಂಗಿದವರಿಗಿಂತ ಕಡಿಮೆಯೇ ಇತ್ತು. ಕ್ಲೊಮಿಪ್ರಮೈನ್, ಬ್ಯೂಪ್ರೊಪಿಯಾನ್ ಮಾತ್ರ ಉಲ್ಟಾ. ಆದರೆ ಆ ರೋಗಿಗಳು ಡಿಪ್ರೆಶನ್‌ನವರು, ಮೂರ್ಛೆ ರೋಗದವರಲ್ಲ. ಅಷ್ಟು ವ್ಯತ್ಯಾಸ ತಲೆಯಲ್ಲಿರಲಿ. ಮತ್ತೆ ಕ್ಲೊಮಿಪ್ರಮೈನ್ ಹೆಸರು ನೆನಪಿಡಿ, ಅದನ್ನು ನಾಯಿಗೂ ಬರೆಯುತ್ತಾರೆ.

ಕೊನೆಯದಾಗಿ ಫೆನ್‌ಫ್ಲೂರಮೈನ್. ಸಣ್ಣಗಾಗಲು ನುಂಗುತ್ತಿದ್ದ ಮಾತ್ರೆ, ನರಕೋಶದಿಂದ ಸೆರೊಟೊನಿನ್ ಹೊರಚೆಲ್ಲಿಸುತ್ತದೆ. ಹೃದಯದ ಕವಾಟ ಕೆಡಿಸುತ್ತದೆ ಅಂತ ಗೊತ್ತಾಗಿ 1997ರಲ್ಲಿ ಅಮೆರಿಕದ ಪೇಟೆಯಿಂದ ಹೊರಬಿತ್ತು. ಅದೇ ಔಷಧಿಗೆ 2020ರಲ್ಲಿ ಅಲ್ಲಿಯೇ ಮತ್ತೆ ಒಪ್ಪಿಗೆ ಸಿಕ್ಕಿತು. ಈ ಸಲ ಡ್ರಾವೆ ಸಿಂಡ್ರೋಮ್ ಅನ್ನುವ, ಎಳೆ ಮಕ್ಕಳಿಗೆ ಬರುವ ತೀರಾ ಹಟಮಾರಿ ಮೂರ್ಛೆ ರೋಗಕ್ಕೆ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಕೆಟ್ಟಿರುವ ಜೀನನ್ನೇ ಕೆಡಿಸಿದ ಜೀಬ್ರಾ ಮೀನಿನಲ್ಲೂ ಇದು ಫಿಟ್ಸ್ ತಗ್ಗಿಸಿತು. ಕವಾಟ ಕೆಡಿಸುವುದು 2ಬಿ ಅನ್ನುವ ಬೀಗ, ಫಿಟ್ಸ್ ತಗ್ಗಿಸುವುದರಲ್ಲಿ ಕೈ ಇರುವುದು 1ಡಿ, 2ಸಿಯಂಥವು. ಕೀಲಿಕೈ ಮಾತ್ರ ಒಂದೇ. ಆಗುಂಬೆಯವರೇ, ಇಲಿ ಮೀನು ಕಟ್ಟಿಕೊಂಡು ಏನಾಯಿತು ಅಂದಿರಲ್ಲ, ಆ ಮಕ್ಕಳ ತಾಯಂದಿರನ್ನು ಕೇಳಬೇಕು.

ಇನ್ನೊಂದು. ಆ ಇಲಿಗಳಲ್ಲಿ ಶಬ್ದವೇ ನೇರವಾಗಿ ಫಿಟ್ಸ್ ತರುತ್ತದೆ, ಕಿವಿಯಿಂದ ಬಂದ ಸುದ್ದಿ ಹಾದುಹೋಗುವ ಜಾಗದಲ್ಲೇ ಬೆಂಕಿ ಹೊತ್ತಿಕೊಳ್ಳುತ್ತದೆ. ಕರಿಯ ಶಬ್ದಕ್ಕೆ ಹೆದರುವುದು ಬೇರೆ, ಅದಕ್ಕೆ ಫಿಟ್ಸ್ ಬರುವುದು ಬೇರೆ. ಎರಡಕ್ಕೂ ಗಂಟು ಇದೆಯಾ ಅಂತ ನೀವು ಬರೆದಿಲ್ಲ. ಗರ್ನಾಲು ಹೊಡೆದ ದಿನವೇ ಫಿಟ್ಸ್ ಬಂದದ್ದು ಇದೆಯಾ?

ತೋಟದಮನೆ:

ಅಬ್ಬಾ, ಎರಡು ಸಲ ಓದಿದೆ. ಗಂಟು ಇದೆಯಾ ಅಂದರೆ... ಇದೆ ಅಂತಲೇ ಅಂದುಕೊಂಡಿದ್ದೆ. ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ, ಹಾಲಿನ ಲೆಕ್ಕದ ಪಕ್ಕ. ಹೋದ ವರ್ಷದ್ದೂ ಇರಬೇಕು, ನೋಡಿ ಹೇಳುತ್ತೇನೆ.

ದನದ_ಡಾಕ್ಟ್ರು:

ಹೊಸನಗರ ಕಡೆ ಪಶುವೈದ್ಯ. ಹೆಸರಿಗೆ ದನದ ಡಾಕ್ಟ್ರು, ಈಗ ಅರ್ಧಕ್ಕರ್ಧ ನಾಯಿಗಳೇ ಬರುತ್ತವೆ. ಇಲಿಬೋನು ಹೇಳಿದ್ದು ಸರಿ ಇದೆ. ನಾನು ನಾಯಿಯ ಕಡೆಯಿಂದ ಹೇಳುತ್ತೇನೆ.

ಆ ಚೀಟಿಯೂ ಸುಳ್ಳಲ್ಲ. ಅಮೆರಿಕದಲ್ಲಿ ನಾಯಿಗಂತ ಫ್ಲೂಆಕ್ಸೆಟಿನ್ ಮಾತ್ರೆಗೆ 2007ರಲ್ಲಿ ಒಪ್ಪಿಗೆ ಸಿಕ್ಕಿದ್ದು ಒಂಟಿಯಾಗಿ ಬಿಟ್ಟಾಗ ಗಾಬರಿಯಾಗುವ ನಾಯಿಗಳಿಗೆ. ಮಾತ್ರೆ ತಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬಂದಿತ್ತು. ಅದರಿಂದ ಫಿಟ್ಸ್ ಇತಿಹಾಸ ಇದ್ದರೆ ಬೇಡ, ಫಿಟ್ಸ್ ಸುಲಭವಾಗಿ ಬರುವಂತೆ ಮಾಡುವ ಬೇರೆ ಔಷಧಿಗಳ ಜೊತೆಗೂ ಬೇಡ ಅಂತ ಬರೆದರು. ಹಾಗಂತ ಯಾವ ವೈದ್ಯರೂ ಕೊಡುವುದೇ ಇಲ್ಲ ಅಂತಲ್ಲ. ಫಿಟ್ಸ್ ಹಿಡಿತದಲ್ಲಿದ್ದರೆ, ಹೆದರಿಕೆ ನಾಯಿಯನ್ನು ತಿಂದುಹಾಕುತ್ತಿದ್ದರೆ, ಕಡಿಮೆ ಡೋಸ್‌ನಿಂದ ಶುರುಮಾಡಿ ಕಣ್ಣಿಟ್ಟು ಕೊಡುವವರಿದ್ದಾರೆ. ನಾಯಿಯ ಡೋಸ್ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂ. ನಿಮ್ಮದಕ್ಕೆ 20 ಅಂದರೆ ಒಂದಕ್ಕಿಂತ ತುಸು ಕಡಿಮೆ. ನಿಮ್ಮ ಡಾಕ್ಟರು ಯೋಚನೆ ಮಾಡಿಯೇ ಬರೆದಂತಿದೆ. ಚೀಟಿ ಓದಿ ಬೀರುವಿನಲ್ಲಿ ಇಡುವ ಬದಲು ಚೀಟಿಯ ವಿಷಯವನ್ನು ಅವರಿಗೇ ಹೇಳಿ ಕೇಳಿ. ಅದರಲ್ಲಿ ನಾಚಿಕೆ ಏನಿಲ್ಲ.

ಆದರೆ ದೀಪಾವಳಿಗೆ ಅಂತ ಇದನ್ನು ನೆಚ್ಚಬೇಡಿ. ಫ್ಲೂಆಕ್ಸೆಟಿನ್ ಹೆದರಿಕೆಗೆ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು. ಇಪ್ಪತ್ತು ದಿನದಲ್ಲಿ ಊಟ ಕಡಿಮೆಯಾಗಿ ಮಂಕಾಗುವುದು ಮಾತ್ರ ಕಾಣಬಹುದು (ಗಾರ್ಡಿನಾಲ್ ತಿನ್ನುವ ನಾಯಿ ಹಲಸಿನ ಬೀಜವನ್ನೂ ಬಿಡುವುದಿಲ್ಲ, ಹಾಗಾಗಿ ಊಟ ಬಿಟ್ಟರೆ ನಿಮಗೆ ಕೂಡಲೇ ಗೊತ್ತಾಗುತ್ತದೆ). ಹಬ್ಬದ ಎರಡು ದಿನಕ್ಕೆ ಗ್ಯಾಬಪೆಂಟಿನ್ ಆಗುತ್ತದಾ ಅಂತ ಕೇಳಿ, ಅದು ಫಿಟ್ಸ್‌ಗೂ ಬಳಸುವ ಔಷಧಿ, ಹೆದರಿಕೆಯನ್ನೂ ಸ್ವಲ್ಪ ಇಳಿಸುತ್ತದೆ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯ. ಇದನ್ನು ಯಾರೂ ಕೇಳಲಿಲ್ಲ. ಉಣುಗಿಗೆ ಏನು ಹಾಕುತ್ತೀರಿ? ನಮ್ಮ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಹೆದರಿಕೆ ಇದ್ದೇ ಇದೆ, ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡದ್ದು ಇವತ್ತಿಗೂ ಬಿಟ್ಟಿಲ್ಲ, ನಾಯಿ ಕಾಡಿಗೆ ಹೋಗಿ ಬಂದರೆ ಜನ ಮೊದಲು ಉಣುಗಿನ ಔಷಧಿಯಲ್ಲಿ ಅದ್ದುತ್ತಾರೆ. ಅದರಲ್ಲಿ ಅಮಿಟ್ರಾಜ್ ಇದ್ದರೆ ಫ್ಲೂಆಕ್ಸೆಟಿನ್ ಜೊತೆ ಖಂಡಿತ ಬೇಡ. ಅಮಿಟ್ರಾಜ್ ಬರೀ ಚರ್ಮದ ಮೇಲಿನ ಔಷಧಿ ಅಂತ ಜನ ತಿಳಿದಿದ್ದಾರೆ. ಅದು ಸೆರೊಟೊನಿನ್ ಕರಗಿಸುವ ಎಂಜೈಮನ್ನು ತಡೆಯುತ್ತದೆ. ಒಂದು ಕಡೆ ಮಾತ್ರೆ ಸೆರೊಟೊನಿನ್ ನರಕೋಶದ ಒಳಗೆ ವಾಪಸ್ ಹೋಗದಂತೆ ಬಾಗಿಲು ಹಾಕುತ್ತದೆ, ಇನ್ನೊಂದು ಕಡೆ ಸ್ನಾನದ ಔಷಧಿ ಅದು ಕರಗದಂತೆ ನೋಡಿಕೊಳ್ಳುತ್ತದೆ. ಮಧ್ಯದಲ್ಲಿ ನಾಯಿ. ಇಲಿಬೋನು ಮಿತಿಮೀರಿದರೆ ವಿಷ ಅಂದದ್ದು ಇದನ್ನೇ. ಕಣ್ಣಿನ ಪಾಪೆ ದೊಡ್ಡದಾಗುವುದು, ನಡುಕ, ಮೈ ಸುಡುವುದು, ವಾಂತಿ, ಭೇದಿ, ಫಿಟ್ಸ್. ಅಮಿಟ್ರಾಜ್ ಇರುವ ಕೊರಳಪಟ್ಟಿಗೂ ಇದೇ ಮಾತು. ಫ್ಲೂಆಕ್ಸೆಟಿನ್ ನಿಲ್ಲಿಸಿದ ಮಾರನೇ ದಿನ ಹಾಕುತ್ತೇನೆ ಅನ್ನುವುದೂ ಆಗುವುದಿಲ್ಲ, ಅದು ಮೈಯಿಂದ ಪೂರಾ ಹೋಗಲು ವಾರಗಟ್ಟಲೆ ಬೇಕು. ಬದಲಿಗೆ ಉಣುಗಿಗೆ ತಿಂಗಳಿಗೊಂದು, ಮೂರು ತಿಂಗಳಿಗೊಂದು ಅಂತ ತಿನ್ನಿಸುವ ಮಾತ್ರೆಗಳಿವೆಯಲ್ಲ, ಫ್ಲೂರಲಾನರ್, ಅಫಾಕ್ಸೊಲಾನರ್ ಗುಂಪಿನವು, ಅವಕ್ಕೂ ಫಿಟ್ಸ್ ಬರಬಹುದು ಅಂತ 2018ರಲ್ಲಿ ಅಮೆರಿಕದ ಇಲಾಖೆ ಎಚ್ಚರಿಕೆ ಕೊಟ್ಟಿದೆ. ಫಿಟ್ಸ್ ಇರುವ ನಾಯಿಗೆ ಉಣುಗಿನ ಔಷಧಿ ಆರಿಸುವುದೂ ಒಂದು ತಲೆನೋವು. ಡಾಕ್ಟರನ್ನು ಕೇಳದೆ ಅಂಗಡಿಯಿಂದ ತರಬೇಡಿ. ನೋವಿಗೆ ಅಂತ ಕೊಡುವ ಟ್ರಮಡಾಲ್ ಕೂಡ ಇದೇ ಸಾಲಿನದು.

ಇನ್ನು ಗಾರ್ಡಿನಾಲ್. 60 ಎರಡು ಹೊತ್ತು ಸರಿಯಾದ ಡೋಸೇ. ಆದರೆ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ಯಾವತ್ತಾದರೂ ನೋಡಿಸಿದ್ದೀರಾ? ಒಂದೇ ಡೋಸ್ ತಿನ್ನುವ ಎರಡು ನಾಯಿಗಳಲ್ಲಿ ಮಟ್ಟ ಬೇರೆ ಬೇರೆ ಇರುತ್ತದೆ. ದಿನ ಕಳೆದಂತೆ ಪಿತ್ತಜನಕಾಂಗ ಈ ಔಷಧಿಯನ್ನು ಬೇಗ ಬೇಗ ಕರಗಿಸಲು ಕಲಿಯುತ್ತದೆ, ಮೊದಲು ಸಾಕಾಗಿದ್ದು ಆಮೇಲೆ ಸಾಕಾಗುವುದಿಲ್ಲ. ಹೊಸ ಮಾತ್ರೆ ಸೇರಿಸುವ ಮೊದಲು ಇದನ್ನು ನೋಡಿ, ಪಿತ್ತಜನಕಾಂಗದ ಪರೀಕ್ಷೆಯನ್ನೂ ಮಾಡಿಸಿ. ಇಲ್ಲದಿದ್ದರೆ ನಾಳೆ ಫಿಟ್ಸ್ ಬಂದಾಗ ಯಾರ ತಪ್ಪು ಅಂತ ನಮಗೂ ಹೇಳಲು ಬರುವುದಿಲ್ಲ. ಯಾವ ಕಾರಣಕ್ಕೂ ಗಾರ್ಡಿನಾಲ್ ಒಮ್ಮೆಲೇ ನಿಲ್ಲಿಸಬೇಡಿ.

ಫಿಟ್ಸ್ ಐದು ನಿಮಿಷ ದಾಟಿದರೆ, ಅಥವಾ ಒಂದು ದಿನದೊಳಗೆ ಎರಡು ಮೂರು ಬಂದರೆ ಕಾಯಬೇಡಿ. ಮರ ಬಿದ್ದು ರಸ್ತೆ ಬಂದ್ ಆಗುವ ಊರುಗಳಲ್ಲಿ ಇರುವವರು ನಾವು, ಗುದದ್ವಾರದಲ್ಲಿ ಹಾಕುವ ಡೈಯಾಜೆಪಾಮ್ ಮನೆಯಲ್ಲಿ ಇಟ್ಟುಕೊಳ್ಳಲು ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಂಡು, ಎಷ್ಟು ಹಾಕಬೇಕು ಅಂತ ಕಲಿತುಕೊಳ್ಳಿ.

ಆಗುಂಬೆ_ಮಳೆ:

ಇಲಿಬೋನು, ಆ ಕೊನೆಯ ಮಾತು ನಾಟಿತು ಮಾರಾಯ್ರೆ. ವಾಪಸ್ ತೆಗೆದುಕೊಂಡೆ. ಡಾಕ್ಟ್ರೇ, ಬಸವನ ಹುಳಕ್ಕೆ ತೋಟದಲ್ಲಿ ಹಾಕುವ ಗುಳಿಗೆ ತಿಂದು ನಮ್ಮ ಪಕ್ಕದ ಮನೆಯ ನಾಯಿಗೆ ಹೀಗೇ ಫಿಟ್ಸ್ ಬಂದು ಹೋಯಿತು. ಅದೂ ಮೂರ್ಛೆ ರೋಗವೇ?

ದನದ_ಡಾಕ್ಟ್ರು:

ಅಲ್ಲ, ಅದು ವಿಷ. ಆ ಗುಳಿಗೆಯಲ್ಲಿ ಸಾಮಾನ್ಯವಾಗಿ ಮೆಟಾಲ್ಡಿಹೈಡ್ ಇರುತ್ತದೆ, ನಾಯಿ ಮೈ ಕಾದು ನಡುಗಿ ಒದ್ದಾಡುತ್ತದೆ. ಬೇಗ ತಂದಷ್ಟೂ ಉಳಿಸುವ ಸಾಧ್ಯತೆ ಹೆಚ್ಚು. ಬೇರೆಯದೇ ಚರ್ಚೆ ಅದು, ಇನ್ನೊಂದು ದಿನ ಬರೆಯುತ್ತೇನೆ.

ತೋಟದಮನೆ:

ಎರಡು ವಿಷಯ.

ಒಂದು, ಉಣುಗಿಗೆ ಹದಿನೈದು ದಿನಕ್ಕೊಮ್ಮೆ ಸ್ನಾನ ಮಾಡಿಸುವ ಬಾಟಲಿ ತೆಗೆದು ನೋಡಿದೆ. ಅಮಿಟ್ರಾಜ್ ಅಂತಲೇ ಬರೆದಿದೆ. ಹೋದ ಭಾನುವಾರವೇ ಸ್ನಾನ ಆಗಿದೆ. ಡಾಕ್ಟರಿಗೆ ನಾನು ಹೇಳಿರಲಿಲ್ಲ, ಅವರು ಏನೇನು ಔಷಧಿ ಕೊಡುತ್ತೀರಿ ಅಂತ ಕೇಳಿದ್ದರು, ಸ್ನಾನದ್ದೂ ಔಷಧಿ ಅಂತ ನನಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಫೋನ್ ಮಾಡಿದೆ. ಫ್ಲೂಆಕ್ಸೆಟಿನ್ ಮುಟ್ಟಬೇಡಿ, ಮೊದಲು ರಕ್ತ ಪರೀಕ್ಷೆ ಅಂದರು.

ಎರಡು, ಅಮ್ಮನ ಕ್ಯಾಲೆಂಡರ್. ಗರ್ನಾಲು ಹೊಡೆದ ದಿನಕ್ಕೂ ಫಿಟ್ಸ್‌ಗೂ ಗಂಟು ಕಾಣಲಿಲ್ಲ, ದಿನಾ ಹೊಡೆಯುತ್ತೇವೆ, ಫಿಟ್ಸ್ ಬಂದದ್ದು ಹೋದ ವರ್ಷದಿಂದ ಏಳು ಸಲ. ಆ ಏಳರಲ್ಲಿ ನಾಲ್ಕು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ. ಗುಡುಗೂ ಇಲ್ಲ ಆಗ. ಅಮ್ಮನನ್ನು ಕೇಳಿದೆ. ಕೊಯ್ಲಿನ ಹೊತ್ತಲ್ಲಿ ರಾತ್ರಿ ಎಲ್ಲರೂ ಅಡಿಕೆ ಸುಲಿಯಲು ಕೂರುತ್ತೇವೆ, ಕರಿಯನಿಗೆ ಅನ್ನ ಹಾಕುವುದು ಯಾರು ಅಂತ ಗೊತ್ತಿರುವುದಿಲ್ಲ, ಸುಲಿಯಲು ಬಂದವರಲ್ಲೇ ಯಾರೋ ಹಾಕಿಬಿಡುತ್ತಾರೆ. ರಾತ್ರಿಯ ಗಾರ್ಡಿನಾಲನ್ನು ಕೊಡುವುದು ಅನ್ನದ ಉಂಡೆಯೊಳಗೆ ಇಟ್ಟು.

ಈ ಸಲದ ಕೊಯ್ಲು ಹಬ್ಬ ಕಳೆದ ಕೂಡಲೇ ಶುರು. ಗಾರ್ಡಿನಾಲ್ ಡಬ್ಬವನ್ನು ಬೀರುವಿನಿಂದ ತೆಗೆದು ಸುಲಿಯುವ ಮೆಟ್ಟುಗತ್ತಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಡಾಕ್ಟ್ರೇ, ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ಕೊಟ್ಟು ಕರೆದುಕೊಂಡು ಹೋಗಬೇಕಾ, ಕೊಡದೆಯಾ?

ದನದ_ಡಾಕ್ಟ್ರು:

ಕೊಡದೆ ಹೋಗಿ, ರಕ್ತ ತೆಗೆದ ತಕ್ಷಣ ಅಲ್ಲೇ ಕೊಡಿ. ಮಾತ್ರೆ ಜೇಬಲ್ಲಿ ಇಟ್ಟುಕೊಂಡು ಹೋಗುವುದನ್ನು ಮರೆಯಬೇಡಿ. ಹಿಂದಿನ ಎರಡು ವಾರ ಒಂದೂ ತಪ್ಪಿರಬಾರದು, ತಪ್ಪಿದ್ದರೆ ಹದಿನೈದು ದಿನ ಬಿಟ್ಟೇ ಹೋಗಿ, ಇಲ್ಲದಿದ್ದರೆ ದುಡ್ಡು ದಂಡ.